ಅರ್ಜಿ ತುಂಬುವವರ ಪಕ್ಕದಲ್ಲಿ ಕುಳಿತು ನೋಡಿದಾಗ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ಕಂಪ್ಯೂಟರ್ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಹೊಸ ತಂತ್ರಜ್ಞಾನದ ಗುಣಗಾನ ಮಾಡಿ ಇಳಿದುಬಿಡೋಣ ಎಂದುಕೊಂಡಿದ್ದೆ. ಆದರೆ ಕಳೆದ ವರ್ಷ ನನ್ನಿಂದಲೇ ಒಂದು ತಪ್ಪಾಯಿತು. ಅದರಿಂದ ನಮ್ಮ ಕೆಲವು ಮಕ್ಕಳಿಗೆ ನಷ್ಟವಾಯಿತು. ಅದನ್ನು ಬಿಟ್ಟು ಬೇರೆ ಮಾತಾಡುವುದು ಸರಿಯಲ್ಲವೆನಿಸಿತು.

ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಂಘದ ವಿದ್ಯಾರ್ಥಿವೇತನಕ್ಕೆ ಮೊದಲು ಕಾಗದದ ಅರ್ಜಿ ಇತ್ತು. ಭಾನುವಾರ ಕಚೇರಿಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಕನ್ನಡಕ ಹಾಕಿಕೊಂಡು ಕುಳಿತು, ಬಂದವರಿಗೆ ಅರ್ಜಿ ತುಂಬಿಸಿ, "ಇಲ್ಲಿ ಸೈನ್ ಮಾಡು ಬೇಟಾ" ಎಂದು ಹೇಳಿ ಕಳಿಸುತ್ತಿದ್ದರು. ಕಳೆದ ವರ್ಷ ಅದನ್ನು ನಿಲ್ಲಿಸಿ ವೆಬ್‌ಸೈಟಿನಲ್ಲೇ ಅರ್ಜಿ ಹಾಕುವ ವ್ಯವಸ್ಥೆ ಮಾಡಿದೆವು. ಮಾಡಿದವನು ನಾನು. ಹಸಿರು ಬಣ್ಣ, ಮೇಲೆ ಸಂಘದ ಲಾಂಛನ, ಎಲ್ಲ ಚೆಂದವಾಗಿತ್ತು. ಲಾಂಛನ ಎಡಗಡೆ ಇರಬೇಕೋ ನಡುವೆ ಇರಬೇಕೋ ಎಂಬುದಕ್ಕೆ ಕಾರ್ಯಕಾರಿ ಸಮಿತಿಯಲ್ಲಿ ಒಂದು ಗಂಟೆ ಚರ್ಚೆಯೂ ಆಯಿತು. ಅರ್ಜಿ ತುಂಬುವ ಹುಡುಗಿಯೊಬ್ಬಳನ್ನು ಕರೆದು ತುಂಬಿಸಿ ನೋಡೋಣ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಆ ವರ್ಷ ಅರ್ಜಿಗಳು ಕಡಿಮೆ ಬಂದವು. ಟಿ. ನರಸೀಪುರ ಕಡೆಯಿಂದಂತೂ ಬೆರಳೆಣಿಕೆಯಷ್ಟು. "ನಮ್ಮ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ" ಎಂದು ಸಭೆಯಲ್ಲಿ ಮಾತು ಬಂತು. ನಾನೂ ತಲೆಯಾಡಿಸಿದೆ.

ಈ ವಿದ್ಯಾರ್ಥಿವೇತನ ದೊಡ್ಡ ಮೊತ್ತವಲ್ಲ, ನಿಜ. ಆದರೆ ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ 2008ರಲ್ಲಿ ಮಂಜೂರಾದಾಗ 1ನೇ ತರಗತಿಯಿಂದಲೇ ಸಿಗುತ್ತಿತ್ತು. 2022-23ರಲ್ಲಿ ಅದನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಲಾಯಿತು. ಹಾಗಾದ ಮೇಲೆ ಸಂಘದ ಸಣ್ಣ ಹಣಕ್ಕೂ ಕೆಲವು ಮನೆಗಳಲ್ಲಿ ದೊಡ್ಡ ಬೆಲೆ ಬಂದಿದೆ. ಅಂಥ ಮನೆಯ ಮಗು ಅರ್ಜಿಯ ಪುಟದಲ್ಲೇ ಸಿಕ್ಕಿಕೊಂಡು ಹಿಂತಿರುಗಿದರೆ ಅದು ಸಣ್ಣ ವಿಷಯವಲ್ಲ.

ಒಂದು ಮಧ್ಯಾಹ್ನ ಜೆರಾಕ್ಸ್ ಮಾಡಿಸಲು ನಂಜನಗೂಡಿನ ಬಸ್ ನಿಲ್ದಾಣದ ಬಳಿಯ ಸೈಬರ್ ಅಂಗಡಿಗೆ ಹೋಗಿದ್ದೆ. ಒಬ್ಬ ತಾಯಿ, ಜೊತೆಗೆ ಮಗಳು. ಅಂಗಡಿಯ ಹುಡುಗ ನಮ್ಮದೇ ಅರ್ಜಿ ತುಂಬುತ್ತಿದ್ದ. ನಾನು ಯಾರೆಂದು ಹೇಳದೆ ಹಿಂದೆ ನಿಂತೆ. "ಮೊದಲ ಹೆಸರು", "ಕೊನೆಯ ಹೆಸರು" ಎಂದು ಎರಡು ಮನೆಗಳನ್ನು ನಾನು ಇಟ್ಟಿದ್ದೆ, ಎರಡನ್ನೂ ಕಡ್ಡಾಯ ಮಾಡಿದ್ದೆ. ಆ ಹುಡುಗಿಗೆ ಇರುವುದು ಒಂದೇ ಹೆಸರು. ಎರಡನೆಯ ಮನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಹುಡುಗ ತಂದೆಯ ಹೆಸರು ಹಾಕಿದ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಂದೆಯ ಹೆಸರಿಲ್ಲ, ಆದ್ದರಿಂದ "ಹೆಸರು ಹೊಂದುತ್ತಿಲ್ಲ" ಎಂದು ಬಂತು. "ಬಾನು" ಸೇರಿಸಿ ನೋಡಿದರು. ಕೊನೆಗೆ ತಾಯಿ, "ರಹ್ನೆ ದೋ, ನಮ್ಮ ಹೆಸರೇ ಸರಿ ಇಲ್ಲವಂತೆ" ಎಂದು ಎದ್ದುಬಿಟ್ಟರು.

ಹೆಸರು ಸರಿಯಾಗಿಯೇ ಇತ್ತು. ಸರಿ ಇಲ್ಲದ್ದು ನನ್ನ ಮನೆಗಳು. ಅದೂ ನಾನು ನಮ್ಮವನೇ! ನಮ್ಮಲ್ಲಿ ಮನೆತನದ ಹೆಸರು ಇಲ್ಲದವರು ಎಷ್ಟು ಮಂದಿ, ಮೊಹಮ್ಮದ್, ಮಹಮದ್, ಮುಹಮ್ಮದ್ ಎಂದು ಒಂದೇ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿ ಇರುವುದು ಎಷ್ಟು ಮನೆಗಳಲ್ಲಿ ಎಂಬುದು ನನಗೆ ಹುಟ್ಟಿನಿಂದ ಗೊತ್ತು. ಆದರೂ ಬೇರೆ ಕಡೆಯ ಒಂದು ಮಾದರಿಯನ್ನು ನೋಡಿಕೊಂಡು ಹಾಗೆಯೇ ಇಳಿಸಿದ್ದೆ. ಗೊತ್ತಿರುವುದು ಬೇರೆ, ಕೆಲಸ ಮಾಡುವಾಗ ನೆನಪಾಗುವುದು ಬೇರೆ. ಅದಕ್ಕೇ ಪರೀಕ್ಷೆ ಬೇಕು.

ಈ ಪರೀಕ್ಷೆಗೆ ಇಂಗ್ಲಿಷಿನವರು ಯೂಸಬಿಲಿಟಿ ಟೆಸ್ಟ್ ಎನ್ನುತ್ತಾರೆ. ನಾವು ಬಳಕೆ ಪರೀಕ್ಷೆ ಎನ್ನೋಣ. ಯಾರಿಗಾಗಿ ವೆಬ್‌ಸೈಟ್ ಮಾಡಿದ್ದೇವೋ ಅವರಲ್ಲೇ ಕೆಲವರನ್ನು ಕೂರಿಸಿ, ಒಂದು ಕೆಲಸ ಕೊಟ್ಟು, ಎಲ್ಲಿ ತಡೆಯುತ್ತಾರೆ, ಎಲ್ಲಿ ದಾರಿ ತಪ್ಪುತ್ತಾರೆ ಎಂದು ಸುಮ್ಮನೆ ಪಕ್ಕದಲ್ಲಿದ್ದು ನೋಡುವುದು. ಪರೀಕ್ಷೆ ಎಂದ ಕೂಡಲೇ ವಿದ್ಯಾರ್ಥಿಗಳು ಹೆದರಬೇಡಿ. ಇದರಲ್ಲಿ ಪಾಸು ಫೇಲು ಆಗುವುದು ವೆಬ್‌ಸೈಟ್, ಕುಳಿತವರಲ್ಲ.

ಇದು ಕಂಪ್ಯೂಟರಿಗಿಂತ ಹಳೆಯ ವಿಚಾರ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ನೆಲಕ್ಕಿಳಿದ ಮೇಲೆ ಹೊಟ್ಟೆಯೂರಿ ಕೂರುತ್ತಿದ್ದವು. ಪೈಲಟ್‌ಗಳ ಅಜಾಗರೂಕತೆ ಎಂದು ಬರೆದುಕೊಳ್ಳುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಹೋಗಿ ನೋಡಿದರೆ, ರೆಕ್ಕೆಯ ಫ್ಲ್ಯಾಪ್‌ಗಳ ಹಿಡಿಕೆ ಮತ್ತು ಚಕ್ರದ ಹಿಡಿಕೆ ಅಕ್ಕಪಕ್ಕದಲ್ಲಿ, ಒಂದೇ ತೆರನಾಗಿದ್ದವು. ಒಂದನ್ನು ಎಳೆಯಲು ಹೋಗಿ ಇನ್ನೊಂದನ್ನು ಎಳೆಯುತ್ತಿದ್ದರು. ಚಕ್ರದ ಹಿಡಿಕೆಗೆ ಚಕ್ರದಾಕಾರದ ತುದಿ, ಇನ್ನೊಂದಕ್ಕೆ ಬೆಣೆಯಾಕಾರದ ತುದಿ ಕೊಟ್ಟು ಕೈಗೇ ವ್ಯತ್ಯಾಸ ತಿಳಿಯುವಂತೆ ಮಾಡಿದರು. ಇನ್ನೊಂದು, 2000ದ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರು ಎರಡೂ ಪುಟಗಳಲ್ಲಿ, ತೂತು ಮಾಡುವ ಜಾಗ ನಡುವೆ. ಎಡಪುಟದಲ್ಲಿ ಗೋರ್ ಅವರ ಹೆಸರು ಎರಡನೆಯದು, ಆದರೆ ಅವರ ತೂತು ಮೂರನೆಯದು. ಎರಡನೆಯ ತೂತು ಬ್ಯುಕ್ಯಾನನ್ ಎಂಬುವರದು. ಬಹಳ ಮಂದಿ ತಪ್ಪು ತೂತು ಮಾಡಿದರೆಂದು ಆಮೇಲೆ ದೊಡ್ಡ ವಿವಾದವಾಯಿತು. ಫ್ಲಾರಿಡಾದಲ್ಲಿ ಬುಷ್ ಗೆದ್ದ ಅಂತರ 537 ಮತ.

ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದಾಗ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ ನೌಕರನ ಮುಂದೆ ಒಂದು ಪರದೆ, ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ ಇಟ್ಟರು. ತನ್ನ ಕೆಲಸ ಹೇಗೆ ನಡೆಯುತ್ತಿದೆ ಎಂಬುದು ರೈತನ ಕಣ್ಣೆದುರಿಗೇ ಇರಲಿ ಎಂದು. ಆ ಎರಡನೆಯ ಪರದೆಯನ್ನು ಯೋಚಿಸಿದವರಿಗೆ, ಕೌಂಟರಿನ ಆಚೆ ನಿಂತವನೂ ಬಳಕೆದಾರನೇ ಎಂದು ಗೊತ್ತಿತ್ತು. ಇದು ಮುಂದೆ ನಮಗೆ ಕೆಲಸಕ್ಕೆ ಬಂತು, ಹೇಳುತ್ತೇನೆ.

ನಾವು ಮಾಡಿದ್ದು ಹೀಗೆ. ಮೊದಲು, ಏನು ತಿಳಿಯಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದುಕೊಂಡೆವು: ಬೇರೆಯವರ ಸಹಾಯವಿಲ್ಲದೆ ಅರ್ಜಿ ಕೊನೆ ಮುಟ್ಟುತ್ತದೆಯೇ? "ವೆಬ್‌ಸೈಟ್ ಹೇಗಿದೆ?" ಎಂದು ಹೊರಟರೆ "ಚೆನ್ನಾಗಿದೆ" ಎಂಬ ಉತ್ತರವೇ ಸಿಗುವುದು.

ಎಷ್ಟು ಜನ ಬೇಕು? ಡೆನ್ಮಾರ್ಕ್ ಮೂಲದ ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದ ಲೇಖನದ ಪ್ರಕಾರ ಐದು ಜನ ಸಾಕು. ಒಬ್ಬ ಬಳಕೆದಾರ ಸರಾಸರಿ ನೂರಕ್ಕೆ 31 ತೊಂದರೆಗಳನ್ನು ತೋರಿಸಿಕೊಟ್ಟರೆ, ಐದನೆಯವನು ಮುಗಿಸುವ ಹೊತ್ತಿಗೆ ನೂರಕ್ಕೆ ಸುಮಾರು 85 ಬೆಳಕಿಗೆ ಬಂದಿರುತ್ತವೆ, ಆಮೇಲೆ ಬಂದವರು ಬಹುತೇಕ ಅದನ್ನೇ ತೋರಿಸುತ್ತಾರೆ ಎಂಬುದು ಲೆಕ್ಕ. ಹದಿನೈದು ಜನರ ಹಣವಿದ್ದರೆ ಐದೈದರಂತೆ ಮೂರು ಸಲ ಮಾಡಿ, ನಡುವೆ ಸರಿಪಡಿಸುತ್ತಾ ಹೋಗಿ ಎಂಬುದೂ ಅವರ ಸಲಹೆ. ಆದರೆ ಈ ಐದನ್ನು ಮಂತ್ರದಂತೆ ಹಿಡಿಯಬಾರದು. ಆ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ. ಬಗೆ ಬೇರೆಯಾದರೆ ಪ್ರತಿ ಬಗೆಯಿಂದಲೂ ಮೂರು ನಾಲ್ಕು ಜನ ಬೇಕಾಗುತ್ತದೆ.

ನಮ್ಮ ಬಳಕೆದಾರರು ಯಾರು ಎಂದು ಕೂತು ಯೋಚಿಸಿದೆವು. ಸ್ವಂತ ಮೊಬೈಲಿನಲ್ಲಿ ತುಂಬುವ ಕಾಲೇಜು ಮಕ್ಕಳು. ಮಗುವಿನ ಪರವಾಗಿ ತುಂಬಿಸುವ ತಂದೆ ತಾಯಿ, ಅವರಲ್ಲಿ ಕೆಲವರು ಉರ್ದು ಮಾತ್ರ ಓದಬಲ್ಲವರು, ಕೆಲವರು ಯಾವುದನ್ನೂ ಓದಲಾರದವರು. ಮೂರನೆಯವನನ್ನು ಪುಸ್ತಕಗಳು ಹೇಳುವುದಿಲ್ಲ: ಸೈಬರ್ ಅಂಗಡಿಯ ಹುಡುಗ. ನಮ್ಮ ಊರುಗಳಲ್ಲಿ ಅರ್ಧಕ್ಕರ್ಧ ಅರ್ಜಿಗಳ ಕೀಲಿ ಒತ್ತುವವನು ಅವನೇ. ಅವನಿಗೆ ವೇಗ ಬೇಕು, ಹಿಂದೆ ಸಾಲು ಇರುತ್ತದೆ. ತಾಯಿಗೆ ಸರಿಯಾಗಿದೆಯೇ ಎಂಬ ಚಿಂತೆ, ಆದರೆ ಪರದೆ ಕಾಣುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿಯೇ ಪರೀಕ್ಷೆ ಮಾಡಬೇಕೆಂದು ತೀರ್ಮಾನವಾಯಿತು.

ಜಾಗ? ಸಂಘದ ಕಚೇರಿಯ ಹೊಸ ಕಂಪ್ಯೂಟರಿನಲ್ಲಿ ಮಾಡಿದರೆ ಎಲ್ಲವೂ ಸಲೀಸಾಗಿ ನಡೆಯುತ್ತದೆ, ಏನೂ ತಿಳಿಯುವುದಿಲ್ಲ. ಅವರ ಮನೆ, ಅವರ ಮೊಬೈಲ್, ಒಡೆದ ಗಾಜು, ಅವರ ಸಿಗ್ನಲ್. ನಂಜನಗೂಡಿನಲ್ಲಿ ಮೂರು ಕಡೆ, ಟಿ. ನರಸೀಪುರದಲ್ಲಿ ಎರಡು ಕಡೆ ಎಂದು ನಿಶ್ಚಯಿಸಿದೆವು. ಬಸ್ ಚಾರ್ಜು, ಚಹಾ ಬಿಸ್ಕತ್ತು ಸೇರಿ ಖರ್ಚು ಅಷ್ಟೇ.

ಒಂದು ಪೇಚು ಬಂತು. ಪರೀಕ್ಷೆಯಲ್ಲಿ ಯಾರ ನಿಜವಾದ ಆಧಾರ್ ಸಂಖ್ಯೆಯನ್ನೂ ಖಾತೆ ಸಂಖ್ಯೆಯನ್ನೂ ಮುಟ್ಟಬಾರದು. ಅದು ಅವರ ಅಮಾನತ್ತು. ಹಾಗೆಂದು ಹೆಸರನ್ನೂ ಕಲ್ಪಿಸಿ ಕೊಟ್ಟರೆ ಹೆಸರಿನ ತೊಂದರೆಯೇ ಹೊರಬೀಳುವುದಿಲ್ಲ. ಆದ್ದರಿಂದ ಹೆಸರು ಅವರದೇ, ಸಂಖ್ಯೆಗಳೆಲ್ಲ ಸುಳ್ಳು. ಅರ್ಜಿಯ ಪ್ರತ್ಯೇಕ ನಕಲೊಂದರಲ್ಲಿ ತುಂಬಿಸಿ, ಅವರ ಕಣ್ಣೆದುರಿಗೇ ಅಳಿಸಿದೆವು.

ಕೆಲಸವನ್ನು ಹೇಳುವ ರೀತಿಯಲ್ಲೂ ಎಚ್ಚರ ಬೇಕು. "'ಹೊಸ ಅರ್ಜಿ' ಗುಂಡಿ ಒತ್ತಿ" ಎಂದರೆ ಅವರು ಆ ಅಕ್ಷರ ಹುಡುಕಿ ಒತ್ತುತ್ತಾರೆ, ಅದು ಬರೀ ಓದಿನ ಪರೀಕ್ಷೆಯಾಗುತ್ತದೆ. ನಾವು ಹೇಳಿದ್ದು: "ನಿಮ್ಮ ತಂಗಿ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದಾಳೆ. ಸಂಘದಿಂದ ಫೀಸಿಗೆ ಸಹಾಯ ಕೇಳಬೇಕು. ಹೇಗೆ ಕೇಳ್ತೀರಿ, ತೋರಿಸಿ." ಮೊದಲು ನನ್ನ ಚಿಕ್ಕಪ್ಪನ ಮಗನ ಮೇಲೆ ಒಮ್ಮೆ ಪ್ರಯೋಗ ಮಾಡಿದೆವು. ಪ್ರಶ್ನೆ ಅರ್ಥವಾಗುತ್ತದೆಯೇ, ಅರ್ಧ ಗಂಟೆ ಸಾಕೇ ಎಂದು ತಿಳಿಯಲು ಇಂಥ ರಿಹರ್ಸಲ್ ಬೇಕೇ ಬೇಕು.

ನಡೆಸುವಾಗಿನ ದೊಡ್ಡ ಕಷ್ಟ ನಮ್ಮ ಅದಬ್. ನಾನು ಮಾಡಿದ್ದೆಂದು ತಿಳಿದರೆ ನನ್ನೆದುರಿಗೆ ಯಾರೂ ಕೆಟ್ಟದು ಹೇಳುವುದಿಲ್ಲ. ಮೊದಲನೆಯ ಪರೀಕ್ಷೆಯಲ್ಲಿ ನಾನೇ ಕುಳಿತಿದ್ದೆ. ಹುಡುಗ ಮೂರು ಕಡೆ ಸಿಕ್ಕಿಕೊಂಡು, ಬೆವರೊರೆಸಿಕೊಂಡು, ಕೊನೆಗೆ "ಬಹಳ ಚೆನ್ನಾಗಿದೆ ಭಾಯ್" ಎಂದ! ಆಮೇಲೆ ನಾನು ಹಿಂದೆ ಸರಿದೆ. ನನ್ನ ತಂಗಿ ಕುಳಿತಳು. ಹೆಣ್ಣುಮಕ್ಕಳ ಮನೆಗೆ ಹೋಗಲು ಅವಳೇ ಸರಿಯಾದವಳೂ ಹೌದು. ಪ್ರತಿಯೊಬ್ಬರಿಗೂ ಮೊದಲು ಹೇಳುವ ಮಾತನ್ನು ಬರೆದುಕೊಟ್ಟಿದ್ದೆವು: "ಇದನ್ನು ಮಾಡಿದವಳು ನಾನಲ್ಲ. ನಿಮ್ಮನ್ನು ಪರೀಕ್ಷೆ ಮಾಡ್ತಿಲ್ಲ, ಇದನ್ನು ಮಾಡ್ತಿದ್ದೀವಿ. ನಿಮಗೆ ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳ್ತಾ ಹೋಗಿ."

ಹೀಗೆ ಬಾಯಿಬಿಟ್ಟು ಹೇಳಿಸುವ ಕ್ರಮವನ್ನು ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್ ಅವರು 1982ರಲ್ಲಿ ಕಂಪ್ಯೂಟರ್ ಪರೀಕ್ಷೆಗೆ ತಂದರು. ಭಾಷೆ ಅವರಿಷ್ಟ. ಮನೆಯಲ್ಲಿ ದಖನಿ ಆಡುವವರನ್ನು ಕನ್ನಡದಲ್ಲೇ ಯೋಚಿಸಿ ಹೇಳಿ ಎಂದರೆ ಮಾತು ನಿಂತುಹೋಗುತ್ತದೆ. ಕನ್ನಡ, ಉರ್ದು, ನಡುನಡುವೆ ಇಂಗ್ಲಿಷ್, ಹೇಗೆ ಬಂದರೆ ಹಾಗೆ.

ಇನ್ನು ಸಹಾಯ ಮಾಡದಿರುವುದು. ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಗುಂಡಿ ಕಣ್ಣೆದುರಿಗೇ ಇದೆ, ಅವರಿಗೆ ಕಾಣುತ್ತಿಲ್ಲ, ನಮ್ಮ ಬೆರಳು ತಾನಾಗಿ ಮುಂದಕ್ಕೆ ಹೋಗುತ್ತದೆ. ನಮ್ಮ ಊರಿನ ನಂಜುಂಡೇಶ್ವರನನ್ನು ಟಿಪ್ಪು ಸುಲ್ತಾನರು ಹಕೀಂ ನಂಜುಂಡ ಎಂದು ಕರೆದರೆಂಬ ಮಾತು ನಂಜನಗೂಡಿನವರಿಗೆಲ್ಲ ಗೊತ್ತು. ಹಕೀಮನಾದವನು ನಾಡಿ ಹಿಡಿದಾಗ ಮಾತಾಡುವುದಿಲ್ಲ. "ಇದನ್ನ ಒತ್ತಲಾ?" ಎಂದು ಕೇಳಿದರೆ ತಂಗಿ, "ನಾನಿಲ್ಲದಿದ್ದರೆ ಏನು ಮಾಡ್ತಿದ್ರಿ?" ಎಂದಷ್ಟೇ ಕೇಳುತ್ತಿದ್ದಳು. ಇನ್ನೊಬ್ಬ ಹುಡುಗ ಬರೆದುಕೊಳ್ಳುತ್ತಿದ್ದ. ಅವನಿಗೆ ಒಂದೇ ಸೂಚನೆ: ಕಂಡದ್ದನ್ನು ಬರೆ, ಊಹೆಯನ್ನು ಬರೆಯಬೇಡ. "ಗೊಂದಲವಾಯಿತು" ಎಂದಲ್ಲ, "ಹಿಂದಿನ ಪುಟಕ್ಕೆ ಎರಡು ಸಲ ಹೋದರು" ಎಂದು.

ಕಂಡದ್ದೇನು? ಹುಟ್ಟಿದ ದಿನಾಂಕಕ್ಕೆ ನಾನಿಟ್ಟ ಕ್ಯಾಲೆಂಡರ್ ಈ ತಿಂಗಳಿನಿಂದ ತೆರೆದುಕೊಂಡು ಒಂದೊಂದೇ ತಿಂಗಳು ಹಿಂದಕ್ಕೆ ಹೋಗುತ್ತಿತ್ತು. ಹದಿನೆಂಟು ವರ್ಷದ ಹುಡುಗಿ ತನ್ನ ಹುಟ್ಟುಹಬ್ಬ ಮುಟ್ಟಲು 216 ಸಲ ಒತ್ತಬೇಕು. ಒಬ್ಬಳು ನಿಜವಾಗಿಯೂ ಒತ್ತುತ್ತಲೇ ಹೋದಳು, ಪಾಪ. ನಾನು ಪರೀಕ್ಷಿಸುವಾಗಲೆಲ್ಲ ಯಾವುದೋ ಒಂದು ದಿನಾಂಕ ಒತ್ತಿ ಮುಂದಕ್ಕೆ ಹೋಗಿದ್ದೆ. ಫೋಟೋ 100 ಕೆಬಿಗಿಂತ ಕಡಿಮೆ ಇರಬೇಕೆಂದು ಬರೆದಿದ್ದೆ. ಮೊಬೈಲಿನಲ್ಲಿ ತೆಗೆದ ಫೋಟೋ ಎರಡು ಮೂರು ಎಂಬಿ ಇರುತ್ತದೆ, ಕೆಬಿ ಎಂದರೇನು ಎಂದು ಐವರಲ್ಲಿ ಹೇಳಬಲ್ಲವನು ಸೈಬರ್ ಹುಡುಗ ಒಬ್ಬನೇ. ತಪ್ಪಿನ ಸಂದೇಶ ಪುಟದ ತಲೆಯಲ್ಲಿ ಕೆಂಪಕ್ಷರದಲ್ಲಿ ಬರುತ್ತಿತ್ತು, ಒತ್ತುವವರ ಕಣ್ಣು ಪುಟದ ಬುಡದಲ್ಲಿರುತ್ತಿತ್ತು. ಏನೂ ಆಗಲಿಲ್ಲವೆಂದು ಮತ್ತೆ ಮತ್ತೆ ಒತ್ತುತ್ತಿದ್ದರು. ನಿಯಮಗಳ ಪುಟದಲ್ಲಿ, ಡಿಟಿಪಿ ಅಂಗಡಿಯಿಂದ ಬಂದ ಹಳೆಯ ಫಾಂಟಿನ ಕನ್ನಡ ಕೆಲವು ಮೊಬೈಲುಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಓಟಿಪಿ ತಂದೆಯ ಫೋನಿಗೆ ಹೋಗುತ್ತಿತ್ತು. ತಂದೆ ಗೂಡ್ಸ್ ಆಟೋ ಓಡಿಸಿಕೊಂಡು ಮೈಸೂರಿನಲ್ಲಿ. ಅವರು ಬದಿಗೆ ನಿಲ್ಲಿಸಿ, ಸಂಖ್ಯೆ ಓದಿ ಹೇಳುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತಿತ್ತು.

ಇವೆಲ್ಲ ಕಿರಿಕಿರಿಗಳು. ನಿಜವಾದದ್ದು ಸಿಕ್ಕಿದ್ದು ಕೊನೆಯ ಪರೀಕ್ಷೆಯಲ್ಲಿ, ಟಿ. ನರಸೀಪುರದಲ್ಲಿ. ಆ ಹುಡುಗಿ ಚುರುಕು. ಎಲ್ಲ ತುಂಬಿದಳು, ಕೊನೆಯಲ್ಲಿ "ಉಳಿಸು" ಒತ್ತಿದಳು. ಹಸಿರು ಗುರುತು ಬಂತು, "ನಿಮ್ಮ ಅರ್ಜಿ ಉಳಿಸಲಾಗಿದೆ" ಎಂದು ಬಂತು. "ಆಯ್ತು ಆಪಾ" ಎಂದು ಫೋನ್ ಕೆಳಗಿಟ್ಟಳು. ತಂಗಿ ಸುಮ್ಮನಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಈಗ ಏನಾಗುತ್ತೆ ಅಂತ ನಿಮಗನಿಸುತ್ತೆ?" ಎಂದು ಕೇಳಿದಳು. "ಸಂಘದವರು ನೋಡಿ ಫೋನ್ ಮಾಡ್ತಾರೆ. ಹೋದ ವರ್ಷಾನೂ ಹಾಕಿದ್ದೆ, ಬರಲಿಲ್ಲ. ನಮಗಿಂತ ಬಡವರಿಗೆ ಕೊಟ್ಟಿರಬೇಕು ಅಂದುಕೊಂಡೆ."

ಅರ್ಜಿ ಸಂಘಕ್ಕೆ ತಲುಪಬೇಕಾದರೆ ಮುಂದಿನ ಪುಟದಲ್ಲಿ "ಸಲ್ಲಿಸು" ಒತ್ತಬೇಕಿತ್ತು. ಅವಳು ಹೋದ ವರ್ಷವೂ ಇಲ್ಲಿಗೇ ನಿಂತಿದ್ದಳು.

ಆ ರಾತ್ರಿ ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಉಳಿಸಿ, ಸಲ್ಲಿಸದೆ ಬಿದ್ದಿದ್ದ ಅರ್ಜಿಗಳ ಹೆಸರು ಒಂದು ಪುಟ ತುಂಬಿ ಇನ್ನೊಂದಕ್ಕೆ ಹೋದವು. ಹೆಚ್ಚಿನವು ಪೂರ್ಣವಾಗಿ ತುಂಬಿದ್ದವು. ಆಸಕ್ತಿ ಇಲ್ಲ ಎಂದು ನಾವು ತೀರ್ಪು ಕೊಟ್ಟಿದ್ದ ಮಕ್ಕಳು ಇವರು. ಹಣ ಆಗಲೇ ಹಂಚಿ ಮುಗಿದಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲವರು ಹೇಗೋ ಫೀಸು ಹೊಂದಿಸಿದ್ದರು. ಒಬ್ಬಳು ಕಾಲೇಜು ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಇದೊಂದೇ ಕಾರಣವೆಂದು ನಾನು ಹೇಳಲಾರೆ. ಕಾರಣಗಳಲ್ಲಿ ಇದೂ ಒಂದಲ್ಲವೆಂದೂ ಹೇಳಲಾರೆ. ಅಧ್ಯಕ್ಷರು ಈ ವರ್ಷ ಅವರೆಲ್ಲರ ಅರ್ಜಿಗಳನ್ನು ಮೊದಲು ಪರಿಗಣಿಸಲು ಒಪ್ಪಿದರು. ಅವರಿಗೆ ಈ ವೇದಿಕೆಯಿಂದ ಕೃತಜ್ಞತೆ ಹೇಳುತ್ತೇನೆ.

ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕತೆಯಲ್ಲಿ, ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ಇಲ್ಲಿಯೂ ಒಂದೇ ಒಂದು ಪದದ ತೂಕ. ನನಗೆ ಉಳಿಸು, ಸಲ್ಲಿಸು ಎಂಬುದು ಎರಡು. ತುಂಬಿದವರಿಗೆ ಎರಡೂ ಒಂದೇ.

ಪರೀಕ್ಷೆ ಮುಗಿದ ಸಂಜೆಯೇ ಎಲ್ಲರೂ ಕೂತು ಪಟ್ಟಿ ಮಾಡಬೇಕು, ಮರುದಿನಕ್ಕೆ ಬಿಟ್ಟರೆ ಮರೆಯುತ್ತದೆ. ಯಾವುದು ಕೆಲಸವನ್ನೇ ನಿಲ್ಲಿಸುತ್ತದೆ, ಯಾವುದು ತಡಮಾಡುತ್ತದೆ, ಯಾವುದು ಬರೀ ಬೇಸರ ಎಂದು ವಿಂಗಡಿಸಿ, ನಿಲ್ಲಿಸುವುದನ್ನು ಮೊದಲು ಹಿಡಿಯಬೇಕು. "ಉಳಿಸು" ಗುಂಡಿಯನ್ನೇ ತೆಗೆದೆವು. ತುಂಬಿದಂತೆಲ್ಲ ಅದು ತಾನಾಗಿ ಉಳಿಯುತ್ತದೆ. ಕೊನೆಯಲ್ಲಿ ಒಂದೇ ಗುಂಡಿ: "ಅರ್ಜಿಯನ್ನು ಸಂಘಕ್ಕೆ ಕಳಿಸಿ". ಹೆಸರಿಗೆ ಒಂದೇ ಮನೆ, "ಪಾಸ್‌ಬುಕ್‌ನಲ್ಲಿ ಇರುವಂತೆ" ಎಂಬ ಸೂಚನೆಯೊಡನೆ. ದಿನಾಂಕವನ್ನು ಅಂಕಿಗಳಲ್ಲಿ ಬರೆಯಬಹುದು. ಫೋಟೋವನ್ನು ಯಂತ್ರವೇ ಕುಗ್ಗಿಸಿಕೊಳ್ಳುತ್ತದೆ. ಓಟಿಪಿಗೆ ಮೂವತ್ತು ನಿಮಿಷ. ಸೈಬರ್ ಅಂಗಡಿಯವರಿಗಾಗಿ, ಕಳಿಸುವ ಮುನ್ನ ಎಲ್ಲವನ್ನೂ ದೊಡ್ಡ ಅಕ್ಷರಗಳಲ್ಲಿ ಒಂದೇ ಪುಟದಲ್ಲಿ ತೋರಿಸುವಂತೆ ಮಾಡಿದ್ದೇವೆ. ಪರದೆಯನ್ನು ತಾಯಿಯ ಕಡೆಗೆ ತಿರುಗಿಸಿ ಓದಿ ಹೇಳಲಿ ಎಂದು. ಭೂಮಿ ಯೋಜನೆಯ ಎರಡನೆಯ ಪರದೆಯಿಂದ ಕಲಿತದ್ದು ಇದು.

ಭಾನುವಾರದ ಕಾಗದದ ಅರ್ಜಿಯನ್ನೂ ಮತ್ತೆ ಆರಂಭಿಸಿದ್ದೇವೆ. ಓದಲು ಬಾರದ ತಾಯಿಗೆ ನಾನು ಎಂಥ ಪುಟ ಮಾಡಿದರೂ ಆ ಹಿರಿಯರ ಪಕ್ಕದ ಕುರ್ಚಿಗೆ ಸಮವಾಗುವುದಿಲ್ಲ. ಈ ಮಾತನ್ನು ಕಂಪ್ಯೂಟರ್ ಕಲಿತವನೇ ಹೇಳುತ್ತಿದ್ದಾನೆ ಎಂದು ಕೆಲವರು ನಗಬಹುದು, ನಗಲಿ.

ತಿದ್ದಿದ್ದು ಸರಿಹೋಯಿತೇ ಎಂಬುದು ನನಗಿನ್ನೂ ಪೂರ್ತಿ ಗೊತ್ತಿಲ್ಲ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿರಬಹುದು. ಆದ್ದರಿಂದ ಅರ್ಜಿ ತೆರೆಯುವ ಮೊದಲು ಎರಡನೆಯ ಸುತ್ತು ಮಾಡಲಿದ್ದೇವೆ. ಈ ಸಲ ಬನ್ನೂರು ಕಡೆಯ ಇಬ್ಬರು, ನಂಜನಗೂಡಿನ ಇಬ್ಬರು ತಾಯಂದಿರು, ಒಬ್ಬ ಸೈಬರ್ ಅಂಗಡಿಯವರು ಬೇಕಾಗಿದ್ದಾರೆ. ಕಂಪ್ಯೂಟರ್ ಚೆನ್ನಾಗಿ ಬಲ್ಲವರು ದಯವಿಟ್ಟು ಬೇಡ. ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲು ವಿದ್ಯಾರ್ಥಿನಿಯರು ಇಬ್ಬರು ಬೇಕು. ಕನ್ನಡ, ಉರ್ದು ಎರಡೂ ಬರಬೇಕು, ಅರ್ಧ ಗಂಟೆ ಸುಮ್ಮನಿರಲು ಬರಬೇಕು. ಊಟದ ವಿರಾಮದಲ್ಲಿ ಬಾಗಿಲ ಬಳಿಯ ಮೇಜಿನ ಹತ್ತಿರ ನನ್ನ ತಂಗಿ ಹೆಸರು ಬರೆದುಕೊಳ್ಳುತ್ತಾಳೆ. ಒಂದೇ ಹೆಸರಿದ್ದರೆ ಒಂದೇ ಬರೆಸಿ.